ಪರಿಸರದ ರೂಲ್ಸ್ ಸರ್ಕಾರ ತೆಗೆದ್ರೆ ತೆಗೆದಂಗೇನಾ? ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಜಮೀನು ಭಾಗ, ಪೋಡಿ, ವಿಲ್ಲು ಇಂಥವು ಕಮ್ಮಿ. ಮಂಡ್ಯ, ಪಾಂಡವಪುರ, ನಂಜನಗೂಡು, ಮೈಸೂರು ಸಿಟಿ ಎಲ್ಲಾ ಕಡೆಯಿಂದ ಕೇಳಿರೋದು ಒಂದೇ ಥರದ್ದು: ಕೆರೆ, ಬೆಟ್ಟ, ಗಾಳಿ, ನೀರು ಕಾಪಾಡೋಕೆ ಅಂತ ಇದ್ದ ನಿಯಮಾನ ಸರ್ಕಾರ ರದ್ದು ಮಾಡ್ತು ಅಥವಾ ಸಡಿಲ ಮಾಡ್ತು ಅಂತಾರಲ್ಲ, ಅದು ಕಾನೂನಲ್ಲಿ ನಿಲ್ಲುತ್ತಾ? ಹಂಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ನಮ್ಮೂರಿಂದ ಒಂದೂವರೆ ಕಿಲೋಮೀಟ್ರು ದೂರದಾಗೆ ಒಂದು ಕಲ್ಲು ಕ್ವಾರಿ ಐತೆ. ಎರಡು ವರ್ಷ ನಿಂತಿತ್ತು, ಈಗ ಮತ್ತೆ ಲಾರಿ, ಹಿಟಾಚಿ ತಂದವ್ರೆ. ಕೇಳಿದ್ರೆ 'ಸರ್ಕಾರದೋರೇ ಎನ್ವಿರಾನ್ಮೆಂಟ್ ರೂಲ್ಸ್ ತೆಗ್ದಾಕವ್ರೆ, ಇನ್ಮೇಲೆ ಕ್ಲಿಯರೆನ್ಸ್ ಬೇಡ' ಅಂತಾರೆ. ವಾಟ್ಸಾಪಲ್ಲಿ ಒಂದು ಪಿಡಿಎಫ್ ತೋರ್ಸಿದ್ರು, ಇಂಗ್ಲಿಷ್‌ನಲ್ಲೈತೆ, ನಮ್ಗೆ ಓದೋಕೆ ಬರಲ್ಲ. ಹಂಗೆ ಒಂದೇ ಏಟಿಗೆ ತೆಗ್ದಾಕ್ಬೋದಾ ಸ್ವಾಮಿ?
— ಒಬ್ಬ ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಆ ಪಿಡಿಎಫ್ ಯಾವ ಜಾತಿ ಕಾಗದ ಅಂತ ನೋಡ್ಬೇಕು, ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಅದು ಸಂಸತ್ತೋ ವಿಧಾನಮಂಡಲವೋ ಪಾಸ್ ಮಾಡಿದ ಕಾಯ್ದೆನಾ, ಕಾಯ್ದೆ ಕೆಳಗೆ ಸರ್ಕಾರ ಗೆಜೆಟ್‌ನಲ್ಲಿ ಹಾಕಿದ ಅಧಿಸೂಚನೆನಾ, ಇಲ್ಲಾ ಇಲಾಖೆ ಆಫೀಸರ್ ಸಹಿ ಹಾಕಿ ಕಳ್ಸಿದ ಆಫೀಸ್ ಮೆಮೊರಾಂಡಮ್ಮಾ. ಕೇಂದ್ರದ ಗೆಜೆಟ್ ಅಧಿಸೂಚನೆ ಆದ್ರೆ ತಲೆ ಮೇಲೆ ಎಸ್.ಓ. ಅಥವಾ ಜಿ.ಎಸ್.ಆರ್. ಅಂತ ಒಂದು ನಂಬರ್ ಇರುತ್ತೆ, ಮೆಮೊ ಆದ್ರೆ ಬರೀ ಫೈಲ್ ನಂಬರ್ ಇರುತ್ತೆ. ಗೆಜೆಟ್ ಅಧಿಸೂಚನೆಲಿ ಇರೋ ಒಂದು ಷರತ್ತನ್ನ ಮೆಮೊ ಹೊರಡಿಸಿ ಕಿತ್ತಾಕೋಕೆ ಆಗಲ್ಲ. ಕೆಳಗಿನ ಕಾಗದ ಮೇಲಿನ ಕಾಗದಾನ ಹರಿಯೋಕಾಗಲ್ಲ, ಅಷ್ಟೇ.

ಈಗ ನೀವು ಕೇಳಿದ ನಿಜವಾದ ಪ್ರಶ್ನೆಗೆ ಬರ್ತೀನಿ. ಸರ್ಕಾರಕ್ಕೆ ತಾನು ಮಾಡಿದ ನಿಯಮ ವಾಪಸ್ ತಗೊಳ್ಳೋ ಅಧಿಕಾರ ಇದೆ, ಇಲ್ಲ ಅಂತ ಹೇಳಿದ್ರೆ ನಾನು ನಿಮ್ಗೆ ಸುಳ್ಳು ಹೇಳ್ದಂಗೆ. 1897ರ ಜನರಲ್ ಕ್ಲಾಸಸ್ ಆಕ್ಟ್ ಅಂತ ಒಂದಿದೆ, ಅದರ 21ನೇ ಸೆಕ್ಷನ್ ಹೇಳೋದು ಇಷ್ಟು: ಅಧಿಸೂಚನೆ ಹೊರಡಿಸೋ ಅಧಿಕಾರ ಯಾರಿಗಿದ್ಯೋ ಅವ್ರಿಗೆ ಅದನ್ನ ತಿದ್ದೋ, ರದ್ದು ಮಾಡೋ ಅಧಿಕಾರನೂ ಇದೆ, ಆದ್ರೆ ಹೊರಡಿಸುವಾಗ ಏನು ಕ್ರಮ, ಏನು ಷರತ್ತು ಇತ್ತೋ ರದ್ದು ಮಾಡುವಾಗ್ಲೂ ಅದೇ ಕ್ರಮ, ಅದೇ ಷರತ್ತು ಪಾಲಿಸ್ಬೇಕು. ನಿಮ್ಗೆ ಅರ್ಥ ಆಗೋ ಹಂಗೆ ಹೇಳ್ಬೇಕು ಅಂದ್ರೆ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆದ ಕ್ರಯಪತ್ರಾನ ಅರಳಿಕಟ್ಟೆ ಮೇಲೆ ಕೂತು 'ರದ್ದು' ಅಂದ್ರೆ ರದ್ದಾಗುತ್ತಾ? ಮತ್ತೆ ಅದೇ ಆಫೀಸಿಗೆ ಹೋಗ್ಬೇಕು, ಸ್ಟಾಂಪ್ ಪೇಪರ್ ಆಗ್ಬೇಕು, ಇಬ್ರೂ ಹೆಬ್ಬೆಟ್ಟು ಒತ್ಬೇಕು. ಇದೂ ಹಂಗೇ.

ಪರಿಸರದ ವಿಷಯದಲ್ಲಿ ಆ ಕ್ರಮ ಯಾವ್ದು ಅಂದ್ರೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದ್ಯಲ್ಲ, ಭೋಪಾಲ್ ದುರಂತ ಆದ್ಮೇಲೆ ಬಂದಿದ್ದು, ಅದರ ಕೆಳಗಿನ ನಿಯಮಗಳಲ್ಲಿ 5ನೇ ನಿಯಮ. ಅದರ 3ನೇ ಉಪನಿಯಮದ ಪ್ರಕಾರ ಮೊದಲು ಕರಡು ಗೆಜೆಟ್‌ನಲ್ಲಿ ಹಾಕ್ಬೇಕು, ಜನ ಆಕ್ಷೇಪಣೆ ಹಾಕೋಕೆ 60 ದಿನ ಕೊಡ್ಬೇಕು, ಬಂದ ಆಕ್ಷೇಪಣೆ ನೋಡಿ ಆಮೇಲೆ ತೀರ್ಮಾನ ಮಾಡ್ಬೇಕು. 4ನೇ ಉಪನಿಯಮದಲ್ಲಿ ಒಂದು ಕಿಂಡಿ ಇದೆ, ಸಾರ್ವಜನಿಕ ಹಿತಾಸಕ್ತಿಗೆ ಬೇಕು ಅನ್ಸಿದ್ರೆ ಈ ನೋಟಿಸ್ ಬಿಟ್ಟು ಮುಂದೆ ಹೋಗ್ಬೋದು ಅಂತ. ಸುಮಾರು ಸಲ ಈ ಕಿಂಡಿಯಲ್ಲೇ ತೂರಿಕೊಂಡು ಹೋಗಿದಾರೆ.

2020ರ ಮಾರ್ಚ್ 28ರಂದು ಹಂಗೇ ಆಯ್ತು. ಲಾಕ್‌ಡೌನ್ ಶುರುವಾಗಿ ಆಗ ನಾಲ್ಕನೇ ದಿನ, ಜನ ಮನೆ ಬಾಗ್ಲು ಹಾಕ್ಕೊಂಡು ಕೂತಿದ್ವಲ್ಲ, ಆವತ್ತು ಕೇಂದ್ರದ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿ, ರಸ್ತೆ ಪೈಪ್‌ಲೈನು ಇಂಥ ಉದ್ದುದ್ದ ಕಾಮಗಾರಿಗೆ ಮಣ್ಣು ತೆಗೆಯೋಕೆ ಪರಿಸರ ಅನುಮತಿನೇ ಬೇಡ ಅಂದ್ಬಿಡ್ತು. ಎಷ್ಟು ಮಣ್ಣು? ಹೇಳಿಲ್ಲ. ಎಷ್ಟು ಎಕರೆ? ಹೇಳಿಲ್ಲ. ಯಾವ ಕಾಮಗಾರಿ ಇದ್ರೊಳಗೆ ಬರುತ್ತೆ ಅಂತ ವಿವರಣೆನೂ ಇಲ್ಲ. ನೋಬಲ್ ಪೈಕಡ ಅನ್ನೋರ ಕೇಸು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಎನ್‌ಜಿಟಿ ದಾಟಿ ಸುಪ್ರೀಂ ಕೋರ್ಟಿಗೆ ಹೋಯ್ತು, 2024ರ ಮಾರ್ಚ್ 21ಕ್ಕೆ ನ್ಯಾಯಮೂರ್ತಿ ಅಭಯ್ ಓಕಾ ಮತ್ತೆ ಸಂಜಯ್ ಕರೋಲ್ ಅವ್ರ ಪೀಠ ಆ ವಿನಾಯಿತಿನ ಹೊಡೆದುಹಾಕ್ತು. ನೋಟಿಸ್ ಕೊಡದೇ ಬಿಟ್ಟಿದ್ದಕ್ಕೆ ಸಾರ್ವಜನಿಕ ಹಿತ ಏನಿತ್ತು ಅಂತ ಕಾರಣನೇ ಇಲ್ಲ, ದೇಶ ಪೂರ್ತಿ ಬಂದ್ ಆಗಿದ್ದಾಗ ಅಂಥ ಅರ್ಜೆಂಟು ಏನಿತ್ತು, ಲಂಗುಲಗಾಮಿಲ್ಲದ ಇಂಥ ವಿನಾಯಿತಿ ಸಂವಿಧಾನದ 14ನೇ ವಿಧಿಗೆ ವಿರುದ್ಧ, ಇದು ತೀರ್ಪಿನ ಸಾರ. ಸರ್ಕಾರ 2023ರ ಆಗಸ್ಟ್‌ನಲ್ಲಿ ಅದನ್ನ ಸ್ವಲ್ಪ ತಿದ್ದಿತ್ತು, ಆ ತಿದ್ದಿದ್ದೂ ಹೋಯ್ತು. ನಾನು ಈ ತೀರ್ಪನ್ನ ಎರಡು ಸಲ ಓದಿದೀನಿ, ಹಳ್ಳಿ ಜನಕ್ಕೆ ಇದಕ್ಕಿಂತ ಗಟ್ಟಿ ಆಧಾರ ಸದ್ಯಕ್ಕೆ ನನಗೆ ಕಾಣ್ತಿಲ್ಲ.

ಇನ್ನು ಕ್ವಾರಿಯವ್ರು 'ನಮ್ದು ಚಿಕ್ಕದು, 5 ಹೆಕ್ಟೇರ್ ಒಳಗೇ' ಅಂತ ವಾದ ಮಾಡ್ಬೋದು. ಆ ಮಾತು 2012ರ ಫೆಬ್ರವರಿಲೇ ಮುಗಿದೋಯ್ತು, ದೀಪಕ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟು 5 ಹೆಕ್ಟೇರ್‌ಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೇ ಬೇಕು ಅಂದಿದೆ. ಅದ್ಕೇ ನೀವು ಅವ್ರನ್ನ ಎರಡೇ ಕೇಳಿ: ಗೆಜೆಟ್ ನಂಬರ್ ಯಾವ್ದು, ನಿಮ್ಮ ಇಸಿ, ಅಂದ್ರೆ ಪರಿಸರ ಅನುಮತಿ ಪತ್ರ ಎಲ್ಲಿದೆ. ಇಸಿ ಇದ್ಯೋ ಇಲ್ವೋ ಅಂತ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕ್ಬೋದು, ನಿಮ್ಮನೆ ಹುಡುಗ್ರು ಮೊಬೈಲಲ್ಲೇ ನೋಡಿ ಹೇಳ್ತಾರೆ. ಸಿಗ್ಲಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು.

ನಮ್ಮಜ್ಜಿ ಮನೆನೂ ಆ ಕಡೇದೇ ಕಣ್ರೀ. ಮಧ್ಯಾಹ್ನ ಸೈರನ್ ಹೊಡೆದ ಮೇಲೆ ಡಬ್ ಅಂತ ಸದ್ದು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಗಿಲಗಿಲ ಅನ್ನೋವು, ಅಡುಗೆಮನೆ ಗೋಡೆಲಿ ಬಿಟ್ಟ ಬಿರುಕಿಗೆ ಅಜ್ಜಿ ಪ್ರತಿ ಯುಗಾದಿಗೂ ಸಗಣಿ ಮಣ್ಣು ಮೆತ್ತೋರು, ಮುಂದಿನ ಯುಗಾದಿ ಹೊತ್ತಿಗೆ ಮತ್ತೆ ಬಿಟ್ಕೊಂಡಿರೋದು. ಯಾರನ್ನ ಕೇಳ್ಬೇಕು ಅಂತಾನೇ ಅವ್ರಿಗೆ ಗೊತ್ತಿರ್ಲಿಲ್ಲ. ನೀವು ಕೇಳಿದೀರಿ, ಬಿಡ್ಬೇಡಿ.

ಪ್ರಶ್ನೆ: ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ ಹೇಳಿತ್ತಲ್ವಾ. ಸರ್ಕಾರ ಮನಸ್ಸು ಮಾಡಿದ್ರೆ ಒಂದು ಆದೇಶ ಹೊರಡಿಸಿ ಅದನ್ನ ತೆಗೆಯೋಕೆ ಆಗುತ್ತಾ?
— ಶ್ರೀರಂಗಪಟ್ಟಣದಿಂದ ಒಬ್ಬ ಓದುಗರು

ಉತ್ತರ: ಆಗಲ್ಲ. 2024ರ ಜನವರಿಯಲ್ಲಿ ಹೈಕೋರ್ಟ್ ಆ ಆದೇಶ ಕೊಟ್ಟಿದ್ದು ಅಣೆಕಟ್ಟಿನ ಸುರಕ್ಷತೆ ಮೇಲೆ, 2021ರ ಡ್ಯಾಮ್ ಸೇಫ್ಟಿ ಆಕ್ಟ್ ಪ್ರಕಾರ ಅಧ್ಯಯನ ಆಗೋವರ್ಗೂ ಅಂತ. ಕೋರ್ಟ್ ಆದೇಶ ಬದಲಾಗ್ಬೇಕಾದ್ರೆ ಅದೇ ಕೋರ್ಟಿಗೆ ಹೋಗ್ಬೇಕು, ಇಲ್ಲಾ ಮೇಲಿನ ಕೋರ್ಟಿಗೆ ಹೋಗ್ಬೇಕು. ಆ ಕೇಸು ಇವತ್ತಿಗೆ ಯಾವ ಹಂತದಲ್ಲಿದೆ ಅಂತ ಹೈಕೋರ್ಟ್ ವೆಬ್‌ಸೈಟಲ್ಲಿ ನೋಡ್ಕೊಂಡೇ ಮುಂದಿನ ಹೆಜ್ಜೆ ಇಡಿ.

ಇದಕ್ಕೆ ನಮ್ಮ ಜಿಲ್ಲೆಯೋರಿಗೆ ಮರೆಯೋಕಾಗದ ಒಂದು ಉದಾಹರಣೆ ಇದೆ. 1991ರ ಜೂನ್ 25ಕ್ಕೆ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಡ್ತು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 25ಕ್ಕೆ, ಕರ್ನಾಟಕ ಸರ್ಕಾರ ಒಂದು ಸುಗ್ರೀವಾಜ್ಞೆ ತಂದು ನಮ್ಮ ಜಲಾನಯನದ ನೀರಾವರಿನ ನಾವೇ ಕಾಪಾಡ್ಕೋತೀವಿ, ಯಾವ ಆದೇಶನೂ ಅಡ್ಡ ಬರೋ ಹಂಗಿಲ್ಲ ಅಂತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದ್ರು, ನವೆಂಬರ್ 22ಕ್ಕೆ ಕೋರ್ಟು ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಅಂದ್ಬಿಡ್ತು. ಆವತ್ತು ಮಂಡ್ಯ ಹೆಂಗಿತ್ತು ಅಂತ ದೊಡ್ಡೋರನ್ನ ಕೇಳಿ. ಆ ನೋವು ಬೇರೆ, ನೀರಿನ ಲೆಕ್ಕದಲ್ಲಿ ನಮ್ಗೆ ನ್ಯಾಯ ಆಯ್ತೋ ಇಲ್ವೋ ಅನ್ನೋದು ಬೇರೆ ಮಾತು, ಅದರಲ್ಲಿ ನಾನೂ ನಿಮ್ಮ ಕಡೆಯೋನೇ. ಆದ್ರೆ ಅವತ್ತು ಕೋರ್ಟು ಹೇಳಿದ ಮಾತು ಇವತ್ತು ಅದೇ ಕನ್ನಂಬಾಡಿಯ ಕಲ್ಲು ಉಳಿಸೋಕೆ ಕೆಲಸಕ್ಕೆ ಬರುತ್ತೆ: ತೀರ್ಪು ಯಾವ ಕಾನೂನಿನ ಮೇಲೆ ನಿಂತಿದ್ಯೋ ಆ ಕಾನೂನಿನ ಬುನಾದಿನ ಶಾಸಕಾಂಗ ಬದಲಾಯಿಸ್ಬೋದು, ತೀರ್ಪನ್ನೇ ನೇರವಾಗಿ 'ನಡೆಯಲ್ಲ ಹೋಗು' ಅನ್ನೋಕಾಗಲ್ಲ. ಶಾಸಕಾಂಗಕ್ಕೇ ಆಗದ್ದು ಒಂದು ಇಲಾಖೆ ಆದೇಶಕ್ಕೆ ಆಗುತ್ತಾ?

ಪ್ರಶ್ನೆ: ನಾವು ಮೈಸೂರಲ್ಲಿ ಒಂದು ಕೆರೆ ಪಕ್ಕದ ಬಡಾವಣೇಲಿ ಇದೀವಿ. ಕೆರೆ ಸುತ್ತ 30 ಮೀಟರ್ ಜಾಗ ಬಿಡ್ಬೇಕು ಅನ್ನೋ ರೂಲ್ ಸಡಿಲ ಮಾಡ್ತಾರೆ ಅಂತ ಪೇಪರಲ್ಲಿ ಓದಿದ್ವಿ. ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಗ್ಲಿಲ್ವಾ? ಇದನ್ನ ಕೋರ್ಟಲ್ಲಿ ಪ್ರಶ್ನೆ ಮಾಡ್ಬೋದಾ?
— ಗೃಹಿಣಿ, ಕುವೆಂಪುನಗರ

ಉತ್ತರ: ನಿಮ್ಮ ಕೇಸು ಮೊದಲನೇ ಪತ್ರದೋರದಕ್ಕಿಂತ ಕಷ್ಟ ಅಮ್ಮ, ಯಾಕಂದ್ರೆ ಇಲ್ಲಿ ಬದಲಾಯಿಸೋಕೆ ಹೊರಟಿರೋದು ಇಲಾಖೆ ಅಲ್ಲ, ವಿಧಾನಮಂಡಲ. ಕೆರೆ ಸಂರಕ್ಷಣೆಗೆ ಅಂತ ರಾಜ್ಯ ಮಾಡಿದ್ದ 2014ರ ಕಾಯ್ದೆಗೆ 2025ರಲ್ಲಿ ತಿದ್ದುಪಡಿ ಮಸೂದೆ ತಂದ್ರು, ಎಲ್ಲಾ ಕೆರೆಗೂ ಒಂದೇ 30 ಮೀಟರ್ ಅನ್ನೋದು ಬಿಟ್ಟು ಕೆರೆ ಎಷ್ಟು ದೊಡ್ಡದೋ ಅದಕ್ಕೆ ತಕ್ಕಂಗೆ ಬಫರ್ ಅಂತ. ಸಣ್ಣ ಕಟ್ಟೆ ಕುಂಟೆಗಳಿಗೆ ಇದರಿಂದ ಏಟು ಜಾಸ್ತಿ, ನನ್ನ ಪ್ರಕಾರ ಅಲ್ಲೇ ತಪ್ಪಿರೋದು, ಯಾಕಂದ್ರೆ ದೊಡ್ಡ ಕೆರೆಗೆ ನೀರು ತಂದು ಕೊಡೋದೇ ಮೇಲಿನ ಸಣ್ಣ ಕಟ್ಟೆಗಳು, ಅವು ಮುಚ್ಚಿದ್ರೆ ಕೆಳಗಿನ ಕೆರೆಗೆ ಬರೋದು ಮೋರಿ ನೀರು ಮಾತ್ರ. ಮೈಸೂರು ಮಂಡ್ಯದ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯೋ ಹಂಗೆ ಸರಪಳಿಯಾಗಿ ಕಟ್ಟಿರೋವು. ಮಸೂದೆ ಪಾಸ್ ಆದ ತಕ್ಷಣ ಕಾಯ್ದೆ ಆಗಲ್ಲ ಅನ್ನೋದೂ ನೆನಪಿಡಿ, ರಾಜ್ಯಪಾಲರ ಸಹಿ ಬಿದ್ದು ಗೆಜೆಟ್‌ನಲ್ಲಿ ಬರೋವರ್ಗೂ ಹಳೇ 30 ಮೀಟರೇ ಕಾನೂನು. ಯಾರಾದ್ರೂ ಬಿಲ್ಡರ್ 'ಬಿಲ್ಲು ಪಾಸಾಯ್ತು' ಅಂತ ಪಾಯ ತೋಡಿದ್ರೆ ತಾರೀಖು ಕೇಳಿ.

ಕಾಯ್ದೆ ಆದ್ಮೇಲೆ ಏನು? ಶಾಸಕಾಂಗಕ್ಕೆ ಕೆಟ್ಟ ಉದ್ದೇಶ ಇತ್ತು ಅಂತ ವಾದ ಮಾಡಿ ಕಾಯ್ದೆ ಹೊಡೆಸೋಕೆ ಆಗಲ್ಲ, ಕೋರ್ಟು ಅದನ್ನ ಕೇಳಲ್ಲ. ಮೂಲಭೂತ ಹಕ್ಕಿಗೆ ಧಕ್ಕೆ ಆಗುತ್ತೆ, ಎದ್ದು ಕಾಣೋವಷ್ಟು ಮನಸೋಇಚ್ಛೆಯಾಗಿದೆ, ಇಲ್ಲಾ ಈ ವಿಷಯದಲ್ಲಿ ಕಾನೂನು ಮಾಡೋ ಅಧಿಕಾರನೇ ಇಲ್ಲ ಅಂತ ತೋರಿಸ್ಬೇಕು. ನಿಮ್ಮ ಕೈಲಿರೋ ಆಧಾರ ಅಂದ್ರೆ ಸಂವಿಧಾನದ 21ನೇ ವಿಧಿ, ಅದರೊಳಗೆ ಶುದ್ಧ ಪರಿಸರದ ಹಕ್ಕೂ ಸೇರಿದೆ ಅಂತ ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆ, ಅದರ ಜೊತೆಗೆ 48ಎ ವಿಧಿ, ಪರಿಸರ ಕಾಪಾಡೋದು ರಾಜ್ಯದ ಹೊಣೆ ಅನ್ನೋದು. ಕೆರೆ ಸರ್ಕಾರದ ಸ್ವಂತ ಆಸ್ತಿ ಅಲ್ಲ, ಜನರ ಪರವಾಗಿ ನೋಡ್ಕೊಳ್ಳೋಕೆ ಕೊಟ್ಟಿರೋದು ಅಂತ 2006ರಲ್ಲಿ ತಿರುಪತಿಯ ಕೆರೆಗಳ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿರೋ ಮಾತೂ ಇದೆ.

ಒಮ್ಮೆ ಕೊಟ್ಟ ರಕ್ಷಣೆನ ಹಿಂದಕ್ಕೆ ತಗೋಬಾರ್ದು ಅನ್ನೋ ತತ್ವ ಒಂದಿದೆ, ನಾನ್ ರಿಗ್ರೆಷನ್ ಅಂತಾರೆ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿಯಿಂದ ಬಿಡುಗಡೆ ಕೊಡೋಕೆ ಹೋದಾಗ ಎನ್‌ಜಿಟಿ ಮರುವರ್ಷ ಇದೇ ತತ್ವ ಎತ್ತಿ ಹಿಡಿದು ಅದನ್ನ ತಡೀತು. ಆದ್ರೆ ಇದೊಂದೇ ತತ್ವ ಹಿಡ್ಕೊಂಡು ವಿಧಾನಮಂಡಲದ ಕಾಯ್ದೆನ ಬೀಳಿಸ್ಬೋದು ಅಂತ ನಾನು ನಿಮ್ಗೆ ಭರವಸೆ ಕೊಡಲ್ಲ. ಬೆಂಗಳೂರಲ್ಲಿ ಎನ್‌ಜಿಟಿ 2016ರಲ್ಲಿ ಕೆರೆಗಳಿಗೆ 75 ಮೀಟರ್ ಬಫರ್ ಅಂತ ಹೇಳಿದ್ದನ್ನ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡ್ತು, ಕಾನೂನಿನ ಪ್ರಕಾರ ಆಗಿರೋ ಮಾಸ್ಟರ್ ಪ್ಲಾನನ್ನ ಎನ್‌ಜಿಟಿ ತಿದ್ದೋ ಹಂಗಿಲ್ಲ ಅಂತ. ಅವತ್ತು ಬೆಂಗಳೂರಿನ ಕೆರೆ ಸ್ನೇಹಿತ್ರ ಮುಖ ನೋಡೋಕಾಗ್ಲಿಲ್ಲ. ಅದ್ಕೇ ನೀವು ಮಾಡ್ಬೇಕಾದ ಮೊದಲ ಕೆಲಸ ಕಾನೂನಿನ ಪುಸ್ತಕದ ಆಚೆಗಿದೆ. ನಿಮ್ಮ ಕೆರೆಯ ಸರ್ವೆ ಸ್ಕೆಚ್ಚು, ರಾಜಕಾಲುವೆ ನಕ್ಷೆ, ಗ್ರಾಮ ನಕ್ಷೆ ತೆಗೆಸಿ ಇಟ್ಕೊಳ್ಳಿ, ಮಳೆಗಾಲದಲ್ಲಿ ನೀರು ಎಲ್ಲಿವರ್ಗೂ ಬರುತ್ತೆ ಅಂತ ತಾರೀಖು ಸಮೇತ ಫೋಟೋ ತೆಗೆದಿಡಿ. ಬಫರ್ ಕಮ್ಮಿ ಆದ್ರೆ ಯಾರ ಮನೆಗೆ ನೀರು ನುಗ್ಗುತ್ತೆ ಅಂತ ಕೋರ್ಟಿಗೆ ತೋರಿಸೋಕೆ ಅದು ಬೇಕಾಗುತ್ತೆ.

ಪ್ರಶ್ನೆ: ರಾಜ್ಯ ಸರ್ಕಾರ ಬೇಕು ಅಂದ್ರೆ ಮಾಲಿನ್ಯ ನಿಯಂತ್ರಣ ಮಂಡಳಿ ಕಾಯ್ದೆನೇ ಎತ್ತಿ ಪಕ್ಕಕ್ಕಿಡಬೋದಾ?
— ಮಳವಳ್ಳಿ

ಉತ್ತರ: ಇಡೋಕಾಗಲ್ಲ. ಆ ಮಂಡಳಿಗೆ ಮೂಲವಾದ 1974ರ ನೀರು ಮಾಲಿನ್ಯ ಕಾಯ್ದೆ ಹುಟ್ಟಿರೋದು ಸಂವಿಧಾನದ 252ನೇ ವಿಧಿಯಿಂದ. ನೀರು ರಾಜ್ಯದ ವಿಷಯ ಆದ್ರೂ ಕರ್ನಾಟಕ ಸೇರಿ ಕೆಲವು ರಾಜ್ಯಗಳು ನಿರ್ಣಯ ಮಾಡಿ, ನಮ್ಮ ಪರವಾಗಿ ಸಂಸತ್ತೇ ಕಾಯ್ದೆ ಮಾಡ್ಲಿ ಅಂದ್ವು. ಹಂಗೆ ಒಂದ್ಸಲ ಕೈಗೆ ಕೊಟ್ಮೇಲೆ ಅದನ್ನ ತಿದ್ದೋದು, ರದ್ದು ಮಾಡೋದು ಸಂಸತ್ತಿಗೆ ಮಾತ್ರ ಸಾಧ್ಯ, ವಿಧಾನಸೌಧದಲ್ಲಿ ಕೂತು ಮಾಡೋಕಾಗಲ್ಲ. ಸಂಸತ್ತು ಮಾಡಿದ ತಿದ್ದುಪಡಿನೂ ಯಾವ ರಾಜ್ಯದ ವಿಧಾನಮಂಡಲ ನಿರ್ಣಯ ಮಾಡಿ ಒಪ್ಕೊಂಡಿದ್ಯೋ ಅಲ್ಲಿಗಷ್ಟೇ.

ಪ್ರಶ್ನೆ: ನಮ್ಮ ನಾಲೆಗೆ ಒಂದು ಫ್ಯಾಕ್ಟರಿ ಕಪ್ಪು ನೀರು ಬಿಟ್ಟು ಮೀನು ಸತ್ತು, ಎರಡು ಎಕರೆ ಭತ್ತದ ಪೈರು ಸುಟ್ಟೋಯ್ತು. 2022ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ ಕೇಸಾಯ್ತು. ಈಗ ಆ ಕಾಯ್ದೆಲಿ ಜೈಲು ಶಿಕ್ಷೆನೇ ತೆಗೆದಾಕಿದಾರೆ, ಕೇಸೂ ಬಿದ್ದೋಯ್ತು ಅಂತಾರೆ. ನಿಜಾನಾ?
— ಮದ್ದೂರು ತಾಲ್ಲೂಕಿನ ರೈತ

ಉತ್ತರ: ಅರ್ಧ ನಿಜ, ಆದ್ರೆ ಕೇಸು ಬಿದ್ದೋಯ್ತು ಅನ್ನೋದು ಸುಳ್ಳು. ಮೊದಲು ಆ ಕಾಯ್ದೆ ಮುರಿದ್ರೆ 5 ವರ್ಷದವರ್ಗೂ ಜೈಲು, ಇಲ್ಲಾ 1 ಲಕ್ಷದವರ್ಗೂ ದಂಡ, ಇಲ್ಲಾ ಎರಡೂ. 2023ರ ಜನ್ ವಿಶ್ವಾಸ್ ಕಾಯ್ದೆ ಬಂದು, 2024ರ ಏಪ್ರಿಲ್ 1ರಿಂದ ಜೈಲು ಹೋಗಿ 10 ಸಾವಿರದಿಂದ 15 ಲಕ್ಷದವರ್ಗೂ ಪೆನಾಲ್ಟಿ ಆಯ್ತು, ಅದನ್ನ ಹಾಕೋದು ಕೋರ್ಟ್ ಅಲ್ಲ, ಸರ್ಕಾರ ನೇಮಿಸಿದ ಅಧಿಕಾರಿ. ಕೋಟಿಗಟ್ಟಲೆ ವ್ಯವಹಾರ ಮಾಡೋ ಕಾರ್ಖಾನೆಗೆ 15 ಲಕ್ಷ ಅಂದ್ರೆ ಏನು, ಕಬ್ಬಿನ ಗಾಡಿ ಲೆಕ್ಕದಲ್ಲಿ ಒಂದು ಬೆಳಗ್ಗೆ ವ್ಯಾಪಾರನೂ ಇರಲ್ಲ. ಇದು ತಪ್ಪು ಹೆಜ್ಜೆ ಅಂತ ನಾನು ಆಗ್ಲೇ ಇದೇ ಪುಟದಲ್ಲಿ ಬರೆದಿದ್ದೆ, ಈಗ್ಲೂ ಅದೇ ಹೇಳ್ತೀನಿ.

ನಿಮ್ಮ ಹಳೇ ಕೇಸಿಗೆ ಬರೋಣ. ಜನರಲ್ ಕ್ಲಾಸಸ್ ಆಕ್ಟಿನ 6ನೇ ಸೆಕ್ಷನ್ ಪ್ರಕಾರ, ಒಂದು ಕೇಂದ್ರ ಕಾಯ್ದೆ ರದ್ದಾದ್ರೂ ಅದು ಜಾರಿಲಿದ್ದಾಗ ಆದ ತಪ್ಪು, ಅದರ ಹೊಣೆ, ಅದರ ತನಿಖೆ ಇವೆಲ್ಲ ಹಂಗೇ ಉಳಿಯುತ್ತೆ, ರದ್ದು ಮಾಡೋ ಕಾಯ್ದೆಲೇ ಬೇರೆ ಥರ ಹೇಳಿದ್ರೆ ಮಾತ್ರ ಬೇರೆ. ಫ್ಯಾಕ್ಟರಿ ಕಡೆ ವಕೀಲ್ರು ಏನು ಹೇಳ್ಬೋದು ಅಂದ್ರೆ, ಶಿಕ್ಷೆ ಕಮ್ಮಿ ಆಗಿರೋದ್ರ ಲಾಭ ಆರೋಪಿಗೆ ಸಿಗ್ಬೇಕು ಅಂತ 1982ರ ಟಿ. ಬರಾಯ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ ಅಂತಾರೆ, ಆ ವಾದಕ್ಕೆ ತೂಕ ಇದೆ, ನಿಮ್ಮ ವಕೀಲ್ರು ಅದಕ್ಕೆ ರೆಡಿ ಇರ್ಲಿ. ಒಂದು ಎಚ್ಚರಿಕೆ, ಈ 6ನೇ ಸೆಕ್ಷನ್ ಕಾಯ್ದೆ ರದ್ದಾದಾಗ ಮಾತ್ರ, ಕಾಯ್ದೆ ಕೆಳಗಿನ ಬರೀ ನಿಯಮ ರದ್ದಾದ್ರೆ ತಾನಾಗೇ ಅನ್ವಯ ಆಗಲ್ಲ ಅಂತ 1969ರ ರಾಯಲಾ ಕೇಸಿಂದ ಹಿಡಿದು ಸುಪ್ರೀಂ ಕೋರ್ಟು ಹೇಳ್ಕೊಂಡು ಬಂದಿದೆ. ಹಂಗಾಗಿ ನಿಯಮ ರದ್ದು ಮಾಡೋ ಅಧಿಸೂಚನೆಲಿ 'ಹಿಂದೆ ಆಗಿರೋದನ್ನ ಬಿಟ್ಟು' ಅನ್ನೋ ಅರ್ಥದ ಸಾಲು ಇದ್ಯಾ ಅಂತ ಹುಡುಕೋದು ನಮ್ಮಂಥೋರಿಗೆ ಅಭ್ಯಾಸ.

ಆದ್ರೆ ಜೈಲಿನ ಚಿಂತೆ ಬಿಟ್ಟು ಪೈರಿನ ಚಿಂತೆ ಮಾಡಿ ಅಣ್ಣ. ಪರಿಹಾರ ಕೇಳೋ ದಾರಿ ಬೇರೆ ಇದೆ, 2010ರ ಎನ್‌ಜಿಟಿ ಕಾಯ್ದೆ 15ನೇ ಸೆಕ್ಷನ್, ಹಾನಿ ಮೊದಲು ಆದ ದಿನದಿಂದ 5 ವರ್ಷದೊಳಗೆ ಅರ್ಜಿ ಹಾಕ್ಬೇಕು. ನಿಮ್ದು 2022 ಅಂತ ಬರೆದಿದೀರಿ, ಗಡುವು ಹತ್ರ ಬರ್ತಿದೆ. ದಕ್ಷಿಣ ಪೀಠ ಚೆನ್ನೈನಲ್ಲಿದೆ ಅಂತ ಹೆದರ್ಬೇಡಿ, ಆನ್‌ಲೈನಲ್ಲೇ ಸಲ್ಲಿಸ್ಬೋದು. ಪೈರು ಹೋದ ವರ್ಷದ ಪಹಣಿ, ಕೃಷಿ ಇಲಾಖೆ ರಿಪೋರ್ಟು, ಮಂಡಳಿಯೋರು ನೀರಿನ ಸ್ಯಾಂಪಲ್ ತೆಗೆದಿದ್ರೆ ಅದರ ಕಾಪಿ, ಇಷ್ಟು ಜೋಡ್ಸಿ ಇಟ್ಕೊಳ್ಳಿ.

ಪ್ರಶ್ನೆ: ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ತಗೊಳ್ಳೋದನ್ನ ಸುಪ್ರೀಂ ಕೋರ್ಟು ಬ್ಯಾನ್ ಮಾಡಿದೆ ಅಂತ ಓದಿದ್ದೆ, ಈಗ ನೋಡಿದ್ರೆ ಇಲ್ಲ ಅಂತಾರೆ. ಯಾವ್ದು ಸರಿ?
— ನಂಜನಗೂಡು

ಉತ್ತರ: ಎರಡೂ ಆಯ್ತು. 2025ರ ಮೇ 16ಕ್ಕೆ ವನಶಕ್ತಿ ಕೇಸಲ್ಲಿ, ಕೆಲಸ ಶುರು ಮಾಡಿ ಆಮೇಲೆ ಅನುಮತಿ ತಗೊಳ್ಳೋಕೆ ಅವಕಾಶ ಕೊಟ್ಟಿದ್ದ 2017ರ ಅಧಿಸೂಚನೆನೂ 2021ರ ಮೆಮೊನೂ ರದ್ದಾಯ್ತು. ಅದೇ ವರ್ಷ ನವೆಂಬರ್ 18ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ 2:1 ಬಹುಮತದಲ್ಲಿ ಆ ತೀರ್ಪನ್ನೇ ವಾಪಸ್ ತಗೊಂಡು ಕೇಸನ್ನ ಹೊಸದಾಗಿ ಕೇಳ್ಬೇಕು ಅಂತು, ಮೊದಲ ತೀರ್ಪಿನ ಪೀಠದಲ್ಲಿದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಭಿನ್ನ ತೀರ್ಪು ಬರೆದ್ರು. ನನ್ಗೆ ಭುಯಾನ್ ಅವ್ರ ದಾರಿನೇ ಸರಿ ಅನ್ಸುತ್ತೆ, ಮಗು ಹುಟ್ಟಿದ ಮೇಲೆ ಲಗ್ನಪತ್ರಿಕೆ ಹಂಚಿದಂಗೆ ಅನುಮತಿ ತಗೊಳ್ಳೋದ್ರಲ್ಲಿ ಪರಿಸರ ಪರಿಶೀಲನೆ ಎಲ್ಲಿ ಉಳೀತು. ಅದೇ ನವೆಂಬರ್ ಪೀಠದ ಇಬ್ಬರು ನ್ಯಾಯಮೂರ್ತಿಗಳು ಆಗಸ್ಟ್ 5ಕ್ಕೆ ಇನ್ನೊಂದು ಕೇಸಲ್ಲಿ, ಶಾಲೆ ಕಾಲೇಜು ಕಾರ್ಖಾನೆ ಶೆಡ್ಡುಗಳ ದೊಡ್ಡ ಕಟ್ಟಡಗಳಿಗೆ 2025ರ ಜನವರಿ 29ರ ಅಧಿಸೂಚನೆ ಕೊಟ್ಟಿದ್ದ ವಿನಾಯಿತಿನ ರದ್ದು ಮಾಡಿದ್ರು ಅನ್ನೋದನ್ನೂ ಹೇಳ್ಬೇಕು. ಕೋರ್ಟುಗಳು ಒಂದೇ ಕಡೆ ವಾಲ್ತಿಲ್ಲ, ಹಂಗಾಗಿ ಹಳೇ ಪೇಪರ್ ಕಟಿಂಗ್ ನಂಬ್ಕೊಂಡು ಅರ್ಜಿ ಬರೀಬೇಡಿ.

ಪ್ರಶ್ನೆ: ನನ್ನ ಮಗ ಅಮೆರಿಕಾದಲ್ಲಿದಾನೆ. ಅಲ್ಲೂ ಪರಿಸರದ ರೂಲ್ಸ್ ಎಲ್ಲಾ ತೆಗೀತಿದಾರೆ ಅಂತ ಫೋನಲ್ಲಿ ಬೇಜಾರು ಮಾಡ್ಕೋತಾನೆ. ಅಲ್ಲಿ ಕಾನೂನು ಹೆಂಗೆ?
— ಸರಸ್ವತಿಪುರಂ, ಮೈಸೂರು

ಉತ್ತರ: ಅಲ್ಲೂ ನಮ್ಮ 60 ದಿನದ ನೋಟಿಸ್ ಥರದ್ದೇ ಒಂದಿದೆ, 1946ರ ಕಾಯ್ದೆ ಪ್ರಕಾರ ನಿಯಮ ಮಾಡುವಾಗ್ಲೂ ತೆಗೆಯುವಾಗ್ಲೂ ಜನಕ್ಕೆ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳ್ಬೇಕು. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಒಂದು ಕೇಸು ಬಂತು, ಕಾರುಗಳಲ್ಲಿ ಏರ್‌ಬ್ಯಾಗೋ ತಾನಾಗೇ ಬಿಗಿಯೋ ಬೆಲ್ಟೋ ಇರ್ಬೇಕು ಅನ್ನೋ ನಿಯಮಾನ ರೇಗನ್ ಸರ್ಕಾರ ತೆಗೆದಿತ್ತು. ನಿಯಮ ಮಾಡೋಕೆ ಎಷ್ಟು ಕಾರಣ ಕೊಡ್ಬೇಕೋ ತೆಗೆಯೋಕೂ ಅಷ್ಟೇ ಕಾರಣ ಕೊಡ್ಬೇಕು ಅಂತ ಕೋರ್ಟು ಆ ರದ್ದತಿನ ಒಪ್ಲಿಲ್ಲ. 2025ರ ಏಪ್ರಿಲ್ 9ಕ್ಕೆ ಅಲ್ಲಿನ ಅಧ್ಯಕ್ಷರು, ಕಾನೂನಿಗೆ ವಿರುದ್ಧ ಅನ್ಸಿದ ನಿಯಮಗಳನ್ನ ನೋಟಿಸ್ ಇಲ್ದೇ ತೆಗೀರಿ ಅಂತ ಇಲಾಖೆಗಳಿಗೆ ಹೇಳಿದ್ರು, ಜುಲೈನಲ್ಲಿ ಹಸಿರುಮನೆ ಅನಿಲದಿಂದ ಆರೋಗ್ಯಕ್ಕೆ ಅಪಾಯ ಅನ್ನೋ 2009ರ ತೀರ್ಮಾನವನ್ನೇ ತೆಗೆಯೋ ಪ್ರಸ್ತಾವನೆ ಬಂತು. ನಿಮ್ಮ ಮಗನಿಗೆ ಆ 1983ರ ಕೇಸು ಓದೋಕೆ ಹೇಳಿ, ಅಲ್ಲಿನ ವಕೀಲ್ರು ಈ ಜಗಳದಲ್ಲಿ ಅದನ್ನೇ ಹಿಡ್ಕೊಂಡು ನಿಲ್ಲೋದು.

ಪ್ರಶ್ನೆ: ಸರ್, ಕರಡು ಅಧಿಸೂಚನೆಗಳು ಇಂಗ್ಲಿಷ್ ಹಿಂದಿಲೇ ಬರುತ್ತೆ. ನಾವು ಆಕ್ಷೇಪಣೆ ಕನ್ನಡದಲ್ಲಿ ಬರೆದ್ರೆ ತಗೋತಾರಾ? ಬರೆದು ಏನಾದ್ರೂ ಪ್ರಯೋಜನ ಇದ್ಯಾ?
— ಪದವಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಈ ಪತ್ರ ಓದಿ ಖುಷಿ ಆಯ್ತಮ್ಮ. 2020ರಲ್ಲಿ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆನ ಪೂರ್ತಿ ತೆಗೆದು ಹೊಸದು ತರೋಕೆ ಕರಡು ಬಂದಾಗ ಇದೇ ಪ್ರಶ್ನೆ ಎದ್ದಿತ್ತು. ದೆಹಲಿ ಹೈಕೋರ್ಟು ಆಕ್ಷೇಪಣೆ ಹಾಕೋ ಗಡುವನ್ನ ಆಗಸ್ಟ್ 11ರವರ್ಗೂ ಮುಂದೂಡಿ, ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲಾ 22 ಭಾಷೆಗಳಿಗೂ ಅನುವಾದ ಮಾಡಿ ಅಂತು, ನಮ್ಮ ಕರ್ನಾಟಕ ಹೈಕೋರ್ಟು ಅದೇ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದ ಹಂಗೆ ತಾತ್ಕಾಲಿಕ ತಡೆ ಕೊಡ್ತು, ಜನಕ್ಕೆ ಅವ್ರ ಭಾಷೆಲಿ ಸರಿಯಾಗಿ ತಲುಪಿಸಿಲ್ಲ ಅನ್ನೋ ಕಾರಣಕ್ಕೆ. ದೇಶದ ಮೂಲೆಮೂಲೆಯಿಂದ ಲಕ್ಷಗಟ್ಟಲೆ ಆಕ್ಷೇಪಣೆ ಹೋಯ್ತು. ಆ ಕರಡು ಅಂತಿಮ ಅಧಿಸೂಚನೆ ಆಗ್ಲೇ ಇಲ್ಲ. ಆಮೇಲೆ ಬಿಡಿ ಬಿಡಿಯಾಗಿ ತಿದ್ದುಪಡಿ ತಂದ್ರು ನಿಜ, ಅವುಗಳನ್ನ ಒಂದೊಂದಾಗಿ ಗಮನಿಸ್ತಾ ಇರ್ಬೇಕು.

ಕನ್ನಡದಲ್ಲಿ ಧಾರಾಳವಾಗಿ ಬರೀರಿ, ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆ ಅರ್ಜಿನ ದೇಶದಲ್ಲಿ ಬಳಸೋ ಯಾವ ಭಾಷೆಲಾದ್ರೂ ಕೊಡ್ಬೋದು. ಕಾನೂನಿನ ಪದ ಬೇಡ. ಕರಡಿನ ನಂಬರು ತಾರೀಖು ಹಾಕಿ, ಯಾವ ಸಾಲು ತೆಗೀತಿದಾರೋ ಅದನ್ನ ಬರೆದು, ಆ ಸಾಲು ಹೋದ್ರೆ ನಿಮ್ಮೂರಿನ ಯಾವ ಕೆರೆ, ಯಾವ ನಾಲೆ, ಯಾವ ಗೋಮಾಳಕ್ಕೆ ಏನಾಗುತ್ತೆ ಅಂತ ಬರೀರಿ. ಒಂದೇ ಪತ್ರಾನ ನೂರು ಜನ ಕಾಪಿ ಮಾಡಿ ಕಳ್ಸೋದಕ್ಕಿಂತ ಹತ್ತು ಜನ ಅವ್ರವ್ರ ಊರಿನ ವಿಷಯ ಬರೆದ್ರೆ ತೂಕ ಜಾಸ್ತಿ. ಇ-ಮೇಲ್ ಜೊತೆ ರಿಜಿಸ್ಟರ್ಡ್ ಪೋಸ್ಟಲ್ಲೂ ಹಾಕಿ, ರಸೀದಿ ಜೋಪಾನವಾಗಿಡಿ, ನಾಳೆ 'ಯಾರೂ ಆಕ್ಷೇಪಣೆ ಮಾಡ್ಲಿಲ್ಲ' ಅಂತ ಕೋರ್ಟಲ್ಲಿ ಹೇಳಿದ್ರೆ ತೋರ್ಸೋಕೆ ಅದೇ ಸಾಕ್ಷಿ. ನೋಟಿಸೇ ಕೊಡದೇ ಅಂತಿಮ ಮಾಡಿದ್ರೆ ಬೆಂಗಳೂರಿನ ಹೈಕೋರ್ಟಲ್ಲಿ 226ನೇ ವಿಧಿ ಕೆಳಗೆ ರಿಟ್ ಹಾಕ್ಬೇಕಾಗುತ್ತೆ, ದುಡ್ಡಿಲ್ಲ ಅಂತ ಸುಮ್ನಾಗ್ಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ ಆದಾಯ ನೋಡದೇ ಉಚಿತ ವಕೀಲ್ರನ್ನ ಕೊಡ್ತಾರೆ.

ನೀವೂ ನಿಮ್ಮ ಗೆಳತೀರೂ ಸೇರಿ ಪ್ರತಿ ಸೋಮವಾರ ಇ-ಗೆಜೆಟ್ ತೆರೆದು ಪರಿಸರ ಸಚಿವಾಲಯದ ಹೊಸ ಕರಡು ಏನಾದ್ರೂ ಬಂದಿದ್ಯಾ ಅಂತ ನೋಡಿ, ಬಂದಿದ್ರೆ ಎರಡು ಪ್ಯಾರಾ ಕನ್ನಡ ಮಾಡಿ ನಮ್ಮ ಪತ್ರಿಕೆಗೆ ಕಳ್ಸಿ. 60 ದಿನ ಮುಗಿಯೋದ್ರೊಳಗೆ ಈ ಪುಟದಲ್ಲಿ ಬರೋ ಹಂಗೆ ನಾನು ನೋಡ್ಕೋತೀನಿ.